ಶಮಾಳ ಒಂಬತ್ತು ಹಾಲುಹಲ್ಲು

ಶಮಾಳ ಬಾಯಲ್ಲಿ ಈಗ ಇಪ್ಪತ್ತೈದು ಹಲ್ಲುಗಳಿವೆ. ಹದಿನಾಲ್ಕು ದೊಡ್ಡ ಹಲ್ಲು, ಒಂಬತ್ತು ಹಾಲುಹಲ್ಲು, ಎರಡು ಡಾಕ್ಟರು ಮಾಡಿ ಕೂರಿಸಿದವು. ಅವಳಿಗೆ ಹತ್ತೊಂಬತ್ತು ತುಂಬಿ ಇಪ್ಪತ್ತು ನಡೆಯುತ್ತಿದೆ. ಆ ವಯಸ್ಸಿನವರ ಬಾಯಲ್ಲಿ ಹಾಲುಹಲ್ಲು ಇರುವುದುಂಟೇ ಎಂದು ಕೇಳುವವರಿಗೆ ನಾನು ಈ ಲೆಕ್ಕವನ್ನೇ ಹೇಳುತ್ತೇನೆ. ಒಂಬತ್ತನ್ನು ಉಳಿಸಿಕೊಂಡವಳು ಅವಳು. ಎರಡನ್ನು ಕಿತ್ತವಳು ನಾನು.

ಕುರುಗೋಡಿನಲ್ಲಿ ನಮ್ಮ ಓಣಿ ಗುಡ್ಡದ ಮಗ್ಗುಲಿಗಿದೆ. ನನ್ನದು ಮಣ್ಣಿನ ಮಾಳಿಗೆ ಮನೆ. ಎದುರು ಮನೆ ಅಮೀರಸಾಬನದು. ಅವನು ಗಾದಿ ಹೊಲಿಯುವವನು. ಅವನ ಹೆಂಡತಿ ರಹೀಮಾಬೀ ಹಳೇ ಹತ್ತಿಯನ್ನು ಬಿಡಿಸಿ ಬಿಸಿಲಿಗೆ ಹರಡಿದರೆ ಆ ಹತ್ತಿಯ ಎಳೆಗಳು ಗಾಳಿಯಲ್ಲಿ ತೇಲಿ ನನ್ನ ಹೊಸ್ತಿಲಿಗೆ ಬರುತ್ತಿದ್ದವು. ಅವರ ಒಬ್ಬಳೇ ಮಗಳು ಶಮಾ. ನನ್ನ ಯಜಮಾನರು ತೀರಿಕೊಂಡ ವರ್ಷವೇ ಹುಟ್ಟಿದಳು. ಅವಳಿಗೆ ಹಾಲುಹಲ್ಲು ತಡವಾಗಿ ಬಂದವು. ಒಂದೂವರೆ ವರ್ಷಕ್ಕೆ ಮೊದಲನೆಯದು. ಮುಂದಿನವು ಚೂಪಾಗಿ ಮಲ್ಲಿಗೆ ಮೊಗ್ಗಿನಂತೆ ಇದ್ದವು. ಚೆಂದ ಎಂದುಕೊಂಡೆವೇ ಹೊರತು ಬೇರೆ ಏನೂ ಯಾರಿಗೂ ಹೊಳೆಯಲಿಲ್ಲ.

ನಮ್ಮ ಓಣಿಯ ಮಕ್ಕಳ ಹಾಲುಹಲ್ಲು ಕೀಳುವ ಕೆಲಸ ನನ್ನದು. ನನ್ನ ಅತ್ತೆಯ ಕಾಲದಿಂದ ಬಂದದ್ದು. ಅಮೀರಸಾಬನ ಗಾದಿ ದಾರಕ್ಕೆ ಮೇಣ ಸವರಿ, ಅಲ್ಲಾಡುವ ಹಲ್ಲಿನ ಬುಡಕ್ಕೆ ಎರಡು ಸುತ್ತು ಹಾಕಿ, ಮಗುವಿಗೆ 'ಅಲ್ಲಿ ಕಾಗೆ ನೋಡು' ಎಂದು ತೋರಿಸಿ, ಅದು ಕತ್ತು ಎತ್ತಿದಾಗ ಎಳೆದರೆ ಮುಗಿಯಿತು. ಅಳುವುದಕ್ಕೂ ಸಮಯ ಸಿಗದು. ಕಿತ್ತ ಹಲ್ಲನ್ನು ಹಸಿ ಸಗಣಿಯ ಉಂಡೆಯೊಳಗೆ ಇಟ್ಟು, ಆಯಾ ಮಗುವಿನ ಮನೆಯ ಮಾಳಿಗೆಯ ಮೇಲೆ ಮಗುವಿನ ಕೈಯಿಂದಲೇ ಎಸೆಯಿಸಬೇಕು. ಹಳೇ ಹಲ್ಲನ್ನು ಮಾಳಿಗೆ ಇಟ್ಟುಕೊಂಡು ಹೊಸದನ್ನು ಕೊಡುತ್ತದೆ ಎಂಬ ನಂಬಿಕೆ. ನಲವತ್ತು ವರ್ಷ ಕಿತ್ತಿದ್ದೆ. ಕೊಡದೆ ಇದ್ದದ್ದು ಒಂದೂ ಇರಲಿಲ್ಲ.

ಶಮಾಗೆ ಆರೂವರೆ ವರ್ಷವಾದಾಗ ಕೆಳಗಿನ ಮುಂದಿನ ಹಲ್ಲು ಅಲ್ಲಾಡಿತು. ರಹೀಮಾಬೀ ಕೈಹಿಡಿದು ಕರೆತಂದಳು.

"ಹಂಪಕ್ಕಾ, ಎಲ್ಲಾ ಹುಡುಗರಿಗೆ ಮಾಡಿದಂಗ ನನ್ನ ಮಗಳಿಗೂ ಮಾಡವ್ವಾ. ಸಗಣಿ ಉಂಡಿ ಸೈತ."

"ನಿಮ್ಮ ಮನ್ಯಾಗ ಬ್ಯಾಡ ಅನ್ನಂಗಿಲ್ಲೇನು?"

"ಹಲ್ಲಿಗೇನು ಗೊತ್ತಾಕೈತಿ ಯಾರ ಮನಿ ಅಂತ? ಕೀಳು."

ಕಿತ್ತೆ. ಶಮಾ ಉಂಡೆಯನ್ನು ಎಸೆದಳು. ಅಮೀರಸಾಬ ಆ ಬೇಸಿಗೆಯಲ್ಲಷ್ಟೇ ಮಣ್ಣಿನ ಮಾಳಿಗೆ ಇಳಿಸಿ ತಗಡು ಹಾಕಿಸಿದ್ದ. ಉಂಡೆ ತಗಡಿನ ಮೇಲೆ ಟಪ್ ಎಂದು ಬಿದ್ದು, ಉರುಳಿ, ಹಿಂದಿನ ಗಟಾರಕ್ಕೆ ಇಳಿಯಿತು. ಮಕ್ಕಳೆಲ್ಲ ನಕ್ಕರು. ನಾನೂ ನಕ್ಕೆ.

ವರ್ಷ ಕಳೆಯಿತು, ಹಲ್ಲು ಬರಲಿಲ್ಲ. ಒಂದೂವರೆ ವರ್ಷವಾಯಿತು. ಒಸಡಿನ ಮೇಲೆ ಬೆರಳಾಡಿಸಿದರೆ ಬೆಣ್ಣೆಯ ಹಾಗೆ ನುಣ್ಣಗೆ. ಆಗ ಮೂಲೆ ಮನೆಯ ಚನ್ನವೀರಮ್ಮ ಕಾರಣ ಕಂಡುಹಿಡಿದಳು.

"ತಗಡಿನ ಮ್ಯಾಲ ಹಲ್ಲು ನಿಂತೀತೇನು? ಜಾರಿ ಗಟಾರಕ್ಕ ಹೋತು. ಮಾಳಗಿಗೆ ಮುಟ್ಟಲಾರದ್ದು ಎಲ್ಲಿಂದ ತಿರುಗಿ ಬರಬೇಕು? ಇನ್ನೊಂದು ಕಿತ್ತು, ಮಣ್ಣಿನ ಮಾಳಗಿಗೆ ಸರಿಯಾಗಿ ಕೊಡ್ರಿ. ಎರಡೂ ಕೂಡೇ ಬರತಾವು."

ಇಡೀ ಓಣಿಗೆ ಅದು ಸರಿ ಎನಿಸಿತು. ನನಗೂ ಎನಿಸಿತು. ಹಾಗಾಗಿ ಪಕ್ಕದ ಹಲ್ಲಿಗೆ ದಾರ ಕಟ್ಟಿದೆ. ಆ ಹಲ್ಲು ಅಲ್ಲಾಡುತ್ತಿತ್ತೇ? ಬಹಳ ಕಡಿಮೆ. ಬೆರಳಿಗೆ ಸಿಕ್ಕೂ ಸಿಗದಷ್ಟು. ಒಂದೇ ಎಳೆತಕ್ಕೆ ಬರಲಿಲ್ಲ, ಮೂರು ಸಲ ಎಳೆದೆ. ಶಮಾ ಅತ್ತಳು. ನನ್ನ ಕೈಯಲ್ಲಿ ಅತ್ತ ಮೊದಲ ಮಗು ಅವಳು. ಸಗಣಿಯ ಉಂಡೆಯನ್ನು ಎಸೆಯಲಿಲ್ಲ. ಏಣಿ ಹಾಕಿ ನಾನೇ ನನ್ನ ಮಾಳಿಗೆ ಹತ್ತಿ, ಮಳೆಗೆ ಹೋಗದಂತೆ ಗವಾಕ್ಷಿಯ ಪಕ್ಕ ಒತ್ತಿ ಇಟ್ಟು ಬಂದೆ.

ಅದೂ ಬರಲಿಲ್ಲ.

"ಗಂಡ ಇಲ್ಲದಾಕಿ ಕೈಯಾಗ ಕೀಳಿಸಿದ್ರ ಹಿಂಗ ಆಗೋದು" ಎಂದು ಚನ್ನವೀರಮ್ಮ ನಲ್ಲಿಯ ಹತ್ತಿರ ಹೇಳಿದ್ದು ನನ್ನ ಕಿವಿಗೆ ಬಿತ್ತು. ಆ ಮಾತಿಗೆ ನನಗೆ ಸಿಟ್ಟು ಬಂತು. ಆದರೆ ಮೂರು ಸಲ ಎಳೆದದ್ದು ನೆನಪಾದಾಗ ಸಿಟ್ಟಿಗೆ ಜಾಗವಿರುತ್ತಿರಲಿಲ್ಲ. ಓಣಿಯ ಮಕ್ಕಳು ನನ್ನ ಬಳಿ ಬರುವುದು ನಿಂತಿತು. ದಾರದ ಉಂಡೆಯನ್ನು ಗೋಡೆಯ ಗೂಡಿನಲ್ಲಿಟ್ಟೆ.

ಶಮಾಗೆ ಒಂಬತ್ತು ವರ್ಷವಾದಾಗ ಅವಳು ಓದುವ ಸಾಲಿಗೆ ಬಳ್ಳಾರಿಯಿಂದ ಹಲ್ಲಿನ ಡಾಕ್ಟರು ಬಂದಿದ್ದರು. ವಿಜಯಲಕ್ಷ್ಮಿ ಎಂದು ಹೆಸರು. ಸಾಲಾಗಿ ನಿಂತ ಮಕ್ಕಳ ಬಾಯಿಯಲ್ಲಿ ಬ್ಯಾಟರಿ ಬಿಟ್ಟು ನೋಡುತ್ತ ಬಂದವರು ಶಮಾಳ ಮುಂದೆ ಕುರ್ಚಿ ಎಳೆದುಕೊಂಡು ಕುಳಿತರಂತೆ. ಒಂದು ಚೀಟಿ ಬರೆದುಕೊಟ್ಟರು. ಅಮೀರಸಾಬ ಆಗ ತೆಕ್ಕಲಕೋಟೆಯಲ್ಲಿ ಯಾವುದೋ ಮದುವೆ ಮನೆಗೆ ಹದಿನೆಂಟು ಗಾದಿ ಹೊಲಿಯಲು ಹೋಗಿದ್ದ. ರಹೀಮಾಬೀ ಒಬ್ಬಳೇ ಹೋಗಲು ಹೆದರಿದಳು. ನಾನೂ ಜೊತೆಯಾದೆ, ಮೂವರೂ ಬಳ್ಳಾರಿ ಬಸ್ಸು ಹತ್ತಿದೆವು.

ಬಳ್ಳಾರಿಯ ಬಸ್‌ಸ್ಟ್ಯಾಂಡ್ ಎದುರು ಮಂಡಕ್ಕಿ ವಗ್ಗರಣಿ, ಮಿರ್ಚಿ ಬಜ್ಜಿ ತಿಂದೆವು. ಶಮಾ ಒಂದು ಮಿರ್ಚಿಯನ್ನು ಮುಂದಿನಿಂದ ಕಚ್ಚಿದಳು, ಬರಲಿಲ್ಲ. ಮೇಲೆ ಆಗ ತಾನೇ ಬಂದಿದ್ದ ಎರಡು ದೊಡ್ಡ ಹಲ್ಲುಗಳೂ ಚೂಪಾಗಿಯೇ ಇದ್ದವು. ಮಿರ್ಚಿಯ ಮೇಲೆ ಸೂಜಿ ಚುಚ್ಚಿದಂತೆ ಎರಡು ತೂತು ಬಿದ್ದವು, ಕೆಳಗೆ ಏನೂ ಇಲ್ಲ. ಅವಳು ಅದನ್ನು ಮಗ್ಗುಲಿಗೆ ತಿರುಗಿಸಿ ದವಡೆಯಿಂದ ಹರಿದು ತಿಂದಳು. ಆ ಎರಡು ತೂತು ನನ್ನ ಕಣ್ಣಿನಲ್ಲಿ ಉಳಿದವು.

ದೊಡ್ಡಾಸ್ಪತ್ರೆಯಲ್ಲಿ ಇಡೀ ಬಾಯಿಗೆ ಒಂದೇ ಎಕ್ಸ್‌ರೇ ತೆಗೆದರು. ಡಾಕ್ಟರು ಫಿಲ್ಮನ್ನು ಬೆಳಕಿನ ಹಲಗೆಗೆ ಸಿಕ್ಕಿಸಿ, ಪೆನ್ನಿನ ತುದಿಯಿಂದ ತೋರಿಸಿದರು.

"ಹಾಲುಹಲ್ಲಿನ ಕೆಳಗೆ ದೊಡ್ಡ ಹಲ್ಲಿನ ಮೊಳಕೆ ಇರುತ್ತೆ. ಇಲ್ಲಿ ಇದೆ, ಇಲ್ಲೂ ಇದೆ. ಇದರ ಕೆಳಗೆ ನೋಡಿ, ಖಾಲಿ. ಇದೂ ಖಾಲಿ. ಒಟ್ಟು ಹದಿನಾಲ್ಕು ಹಲ್ಲಿಗೆ ಮೊಳಕೆಯೇ ಇಲ್ಲ, ಅದರಲ್ಲಿ ಮೂರು ಹಾಲುಹಲ್ಲೇ ಇರದ ಹಿಂದಿನ ದವಡೆಹಲ್ಲು. ತಾಯಿ ಹೊಟ್ಟೆಯಲ್ಲಿದ್ದಾಗಿಂದ ಹಲ್ಲಿನ ಮೊಳಕೆಗಳು ಒಂದೊಂದಾಗಿ ಕೂಡಬೇಕು, ಇವಳಿಗೆ ಕೆಲವು ಕೂಡಲೇ ಇಲ್ಲ. ಇರುವುದರಲ್ಲೂ ಮುಂದಿನವು ಚೂಪಾಗಿವೆ. ಯಾರ ತಪ್ಪೂ ಅಲ್ಲ. ನಿಮ್ಮ ಮನೆತನದಲ್ಲಿ ಯಾರಿಗಾದರೂ ಹೀಗಿತ್ತಾ?"

ರಹೀಮಾಬೀ, "ಮೋಕಾ ಊರಾಗ ನಮ್ಮ ದೊಡ್ಡಮ್ಮಗ ಮ್ಯಾಲಿನ ಎರಡು ಹಲ್ಲು ಹಿಂಗ ಚೂಪ ಇದ್ದವು ರೀ. ಪಕ್ಕದವು ಬರಲೇ ಇಲ್ಲ. ಜೋಳದ ರೊಟ್ಟಿ ಹಾಲಾಗ ನೆನಸಿ ತಿಂತಿದ್ಲು" ಎಂದಳು.

"ಹಾಗಾದರೆ ಅಲ್ಲಿಂದ ಬಂದಿರಬಹುದು" ಎಂದರು ಡಾಕ್ಟರು. ಆಮೇಲೆ ಕೆಳಗಿನ ಮುಂದಿನ ಖಾಲಿ ಜಾಗ ತೋರಿಸಿ, "ಇವೆರಡು ತಾವೇ ಬಿದ್ದವಾ?" ಎಂದು ಕೇಳಿದರು.

"ನಾನು ಕಿತ್ತೀನ್ರಿ" ಎಂದೆ. "ಒಂದು ಅಲ್ಲಾಡತಿತ್ತು. ಎರಡನೇದು ಗಟ್ಟಿ ಇತ್ತು. ಮೂರು ಸಲ ಎಳದೀನಿ."

ಅವರು ನನ್ನ ಮುಖ ನೋಡಿದರು. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಅಮ್ಮಾ, ನೀವು ಕಿತ್ತಿದ್ದಕ್ಕೆ ಹೊಸ ಹಲ್ಲು ಬರದೆ ಹೋಗಿಲ್ಲ. ಅಲ್ಲಿ ಬರುವುದಕ್ಕೆ ಏನೂ ಇರಲಿಲ್ಲ. ಆದರೆ ಆ ಎರಡನೇದು ಇನ್ನೂ ಹತ್ತು ಹದಿನೈದು ವರ್ಷ ನಿಲ್ಲುತ್ತಿತ್ತೋ ಏನೋ. ಈಗ ಕೆಳಗೆ ಮೊಳಕೆ ಇಲ್ಲದ ಹಾಲುಹಲ್ಲು ಒಂಬತ್ತು ಉಳಿದಿವೆ. ಅವನ್ನು ಯಾರೂ ಮುಟ್ಟಬೇಡಿ. ಹಲ್ಲು ಹೋದರೆ ಅದನ್ನು ಹಿಡಿದ ಎಲುಬೂ ಸವೆಯುತ್ತೆ. ಆಮೇಲೆ ನಾವು ಏನು ಕೂರಿಸಬೇಕೆಂದರೂ ಆಧಾರ ಇರಲ್ಲ. ಹದಿನೆಂಟು ಹತ್ತೊಂಬತ್ತರವರೆಗೆ ದವಡೆ ಬೆಳೆಯುತ್ತೆ. ಅಲ್ಲಿವರೆಗೂ ಒಂಬತ್ತನ್ನು ಉಳಿಸಿಕೊಂಡು ಬನ್ನಿ. ಮುಂದಿನದು ನನ್ನ ಕೆಲಸ."

ಶಮಾ ಕುರ್ಚಿಯಿಂದ ಇಳಿಯದೆ ಕೇಳಿದಳು. "ಒಂಬತ್ತು ಯಾವ್ಯಾವು? ನನಗ ತೋರಿಸ್ರಿ."

ಡಾಕ್ಟರು ಕನ್ನಡಿ ಹಿಡಿದು ಒಂದೊಂದನ್ನೇ ಮುಟ್ಟಿ ತೋರಿಸಿದರು. ಮೇಲೆ ಐದು, ಕೆಳಗೆ ನಾಲ್ಕು. ಶಮಾ ಪ್ರತಿಯೊಂದನ್ನೂ ನಾಲಿಗೆಯಿಂದ ಮುಟ್ಟಿ ನೋಡಿಕೊಂಡಳು. ಬಸ್ಸಿನಲ್ಲಿ ಕುರುಗೋಡು ಮುಟ್ಟುವವರೆಗೂ ಕಣ್ಣು ಮುಚ್ಚಿ ಎಣಿಸುತ್ತಲೇ ಇದ್ದಳು.

ಅಂದಿನಿಂದ ಹತ್ತು ವರ್ಷ ಅವಳು ಅದೇ ಲೆಕ್ಕದಲ್ಲಿ ಬದುಕಿದಳು. ಬೆಳಿಗ್ಗೆ ಎದ್ದ ಕೂಡಲೇ ನಾಲಿಗೆಯಿಂದ ಒಂಬತ್ತನ್ನು ಎಣಿಸುವುದು. ಕಬ್ಬು ಇಲ್ಲ, ಹುರಿದ ಕಡಲೆ ಇಲ್ಲ, ಕಡಕ್ ರೊಟ್ಟಿ ಇಲ್ಲ. ಜೋಳದ ರೊಟ್ಟಿಯನ್ನು ನಾನು ಬಿಸಿಯಿರುವಾಗಲೇ ಬಟ್ಟೆಯಲ್ಲಿ ಸುತ್ತಿ ಮೆತ್ತಗೆ ಮಾಡಿ ಕೊಡುತ್ತಿದ್ದೆ. ಸಂಕ್ರಾಂತಿಗೆ ಓಣಿಯ ಹುಡುಗರು ಕಬ್ಬಿನ ಜಲ್ಲೆ ಸಿಗಿಯುತ್ತ ಕುಳಿತರೆ ಅವಳು ತನ್ನ ಪಾಲನ್ನು ಬಾಳೆಹಣ್ಣಿಗೆ ಬದಲಾಯಿಸಿಕೊಂಡು ಬರುತ್ತಿದ್ದಳು. ಒಂದಕ್ಕೆ ಎರಡು ಹಣ್ಣು ಕೇಳುತ್ತಿದ್ದಳು, ಕೊಡುತ್ತಿದ್ದರು.

ಸಾಲಿಯಲ್ಲಿ ಅವಳನ್ನು ಬೊಚ್ಚುಬಾಯಿ ಎಂದು ಕರೆಯುತ್ತಿದ್ದರು. ಒಂದು ದಿನ ನನ್ನ ಕಟ್ಟೆಯ ಮುಂದೆಯೇ ಚನ್ನವೀರಮ್ಮನ ಮೊಮ್ಮಗ ದುರ್ಗೇಶ್, "ಲೇ ಬೊಚ್ಚಿ, ಹಲ್ಲು ಎಲ್ಲಿ ಅಡವಿಟ್ಟೀ?" ಎಂದ.

"ನನಗ ಒಂಬತ್ತು ಹಾಲುಹಲ್ಲು ಅದಾವಲೇ, ನಿನಗೆಷ್ಟು ಅದಾವು?"

"ನನ್ನವೆಲ್ಲಾ ಬಿದ್ದು ಹೋಗ್ಯಾವು."

"ಮತ್ತ ಬೊಚ್ಚ ಯಾರು? ನೀನು."

ಬಾಯಿಗೆ ಕೈ ಅಡ್ಡ ಇಟ್ಟು ಮಾತಾಡುವ ಅಭ್ಯಾಸವನ್ನು ಅವಳು ಒಮ್ಮೆಯೂ ಮಾಡಿಕೊಳ್ಳಲಿಲ್ಲ. ಆದರೆ ಮಾತು ತೊದಲುತ್ತಿತ್ತು. ಸ ಎನ್ನುವಾಗ ಗಾಳಿ ಸೋರುತ್ತಿತ್ತು. ಅದಕ್ಕೆ ಒಂದು ದಾರಿ ಕಂಡುಕೊಂಡೆವು. ಸಂಜೆ ಅವಳು ನನ್ನ ಕಟ್ಟೆಯ ಮೇಲೆ ಕುಳಿತು ಪೇಪರನ್ನು ಗಟ್ಟಿಯಾಗಿ ಓದಬೇಕು, ನಾನು ಸಾಲಿನ ಕೆಳಗೆ ಬೆರಳಿಟ್ಟು ಅವಳ ಜೊತೆ ಅಕ್ಷರ ಹಿಡಿಯಬೇಕು. ಸರಿಯಾಗಿ ಕೇಳಿಸದ ಪದವನ್ನು ನಾನು ಮುಂದೆ ಹೋಗಲು ಬಿಡುತ್ತಿರಲಿಲ್ಲ. ನಾನು ರಾತ್ರಿ ಸಾಲಿಯಲ್ಲಿ ಕಲಿತಿದ್ದ ಅರೆಬರೆ ಅಕ್ಷರ ಹೀಗೆ ಗಟ್ಟಿಯಾಯಿತು, ಅವಳ ಮಾತು ಸ್ಪಷ್ಟವಾಯಿತು. ನಾಲಿಗೆಯನ್ನು ಖಾಲಿ ಜಾಗಕ್ಕೆ ಹೋಗದಂತೆ ಮೇಲಕ್ಕೆ ಒತ್ತಿ ಹಿಡಿದರೆ ಗಾಳಿ ಸೋರುವುದಿಲ್ಲ ಎಂದು ತಾನೇ ಕಂಡುಕೊಂಡಳು.

ವರ್ಷಕ್ಕೆ ಎರಡು ಸಲ ಬಳ್ಳಾರಿ. ಡಾಕ್ಟರು ಎಣಿಸುತ್ತಿದ್ದರು, ಒಂಬತ್ತು ಎನ್ನುತ್ತಿದ್ದರು, ನಾವು ಮಿರ್ಚಿ ತಿಂದು ವಾಪಸು ಬರುತ್ತಿದ್ದೆವು. ಫಿಲ್ಮುಗಳನ್ನು ಮಡಿಚಬಾರದೆಂದು ಅವಳು ತನ್ನ ಗಾದಿಯ ಕೆಳಗೆ ಇಡುತ್ತಿದ್ದಳು.

ಪಿಯುಸಿ ಮುಗಿಸಿ ಹದಿನೇಳರಲ್ಲಿ ಅವಳು ಬಳ್ಳಾರಿಯ ಕೌಲ್ ಬಜಾರಿನ ಜೀನ್ಸ್ ಹೊಲಿಯುವ ಕಡೆ ಕೆಲಸಕ್ಕೆ ಸೇರಿದಳು. ದಿನಾ ಬಸ್ಸಿನಲ್ಲಿ ಹೋಗಿಬರುವುದು. ಅಲ್ಲಿ ಎಲ್ಲರೂ ಹೊಲಿಗೆ ಮುಗಿದ ಕೂಡಲೇ ದಾರವನ್ನು ಹಲ್ಲಿನಿಂದ ಕಚ್ಚಿ ಹರಿಯುತ್ತಾರೆ. ಕತ್ತರಿ ಹುಡುಕುತ್ತ ಕೂತರೆ ಕೆಲಸ ಸಾಗದು. ಶಮಾ ಚಿಕ್ಕ ಕತ್ತರಿಯೊಂದನ್ನು ಹಗ್ಗದಿಂದ ಎಡಗೈ ಮಣಿಕಟ್ಟಿಗೆ ಕಟ್ಟಿಕೊಂಡಳು. ಮೊದಲ ತಿಂಗಳು ಎಲ್ಲರಿಗಿಂತ ಹಿಂದೆ ಉಳಿದಳು, ನಾಲ್ಕನೇ ತಿಂಗಳಿಗೆ ಎಲ್ಲರಿಗೂ ಸಮ ಬಂದಳು.

ಕಾಯುವುದು ತಾಳದೇ ಹೋದದ್ದು ಅಮೀರಸಾಬನಿಗೆ. ಗಾದಿ ಕೊಡಲು ಹೋದ ಮನೆಗಳಲ್ಲೆಲ್ಲ 'ನಿನ್ನ ಮಗಳ ಬಾಯಿ ಸರಿಹೋಯಿತೇ' ಎಂದು ಕೇಳುತ್ತಿದ್ದರು. ಅವನು ಮೃದು ಮನಸ್ಸಿನವನು, ಕೇಳಿದವರಿಗೆಲ್ಲ ಉತ್ತರ ಕೊಡುತ್ತ ಸಣ್ಣಗಾಗುತ್ತಿದ್ದ. ಹೀಗಿರುವಾಗ ಸಿರುಗುಪ್ಪದಲ್ಲಿ ಹಲ್ಲಿನ ಸೆಟ್ ಕಟ್ಟಿಕೊಡುವ ಒಬ್ಬನ ಪರಿಚಯವಾಯಿತು. ಅವನು ಡಾಕ್ಟರಲ್ಲ, ಅಚ್ಚು ತೆಗೆದು ಸೆಟ್ ಮಾಡುವವನು. 'ಬಾಯಿ ಪೂರ್ತಿ ಖಾಲಿ ಇದ್ದರೆ ಒಂದೇ ದಿನದಲ್ಲಿ ಮೂವತ್ತೆರಡು ಹಲ್ಲು ಕೂರಿಸಿಕೊಡುತ್ತೇನೆ. ಅದಕ್ಕೆ ಬದಲಾಗಿ ನನ್ನ ಅಂಗಡಿಗೆ ಎರಡು ಗಾದಿ ಹೊಲಿದುಕೊಡು' ಎಂದನಂತೆ. ಅಮೀರಸಾಬ ನಮಗೆ ಯಾರಿಗೂ ಹೇಳದೆ ಒಳ್ಳೇ ಹತ್ತಿ ತುಂಬಿ ಎರಡು ಗಾದಿ ಹೊಲಿದು ಕೊಟ್ಟು ಬಂದುಬಿಟ್ಟ. ಮೊದಲು ಹಾಲುಹಲ್ಲು ತೆಗೆಸಿ, ಗಾಯ ಮಾಗಲಿ, ಆಮೇಲೆ ಉಳಿದದ್ದನ್ನು ನೋಡೋಣ ಎಂದು ಆ ಸೆಟ್ಟಿನವನು ಹೇಳಿ ಕಳಿಸಿದ್ದ. ಕೀಳುವುದು ಮಾತ್ರ ತನ್ನ ಕೆಲಸವಲ್ಲ, ಎಲ್ಲಾದರೂ ಕೀಳಿಸಿಕೊಂಡು ಬನ್ನಿ ಎಂದಿದ್ದ.

ಒಂದು ಭಾನುವಾರ ಬೆಳಿಗ್ಗೆ ಶಮಾ ನನ್ನ ಅಂಗಳದಲ್ಲಿ ಕುಳಿತು ಶೇಂಗಾ ಸುಲಿದುಕೊಡುತ್ತಿದ್ದಳು. ಅಮೀರಸಾಬ ಬಂದ. ಕೈಯಲ್ಲಿ ಮೇಣ ಸವರಿದ ಹೊಸ ದಾರದ ಉಂಡೆ.

"ಹಂಪಕ್ಕಾ, ನಿನ್ನ ಕೈ ಹಗುರ. ಒಂಬತ್ತು ಸಣ್ಣ ಹಲ್ಲು ಅದಾವು, ಕಿತ್ತುಬಿಡು. ಇವತ್ತು ನಾಕು, ಬರೋ ಆಯ್ತಾರ ಐದು."

ಅವನು ಸಿರುಗುಪ್ಪದ ಕಥೆಯನ್ನೆಲ್ಲ ಹೇಳಿದ.

"ಬಳ್ಳಾರಿ ಡಾಕ್ಟರು ಮುಟ್ಟಬ್ಯಾಡ ಅಂದಾರಪ್ಪಾ" ಎಂದೆ.

"ಎಂಟು ವರ್ಷಾತು ಮುಟ್ಟಬ್ಯಾಡ ಅಂತಾನ ಅದಾರ! ಏನು ಬಂತು? ಹದಿನೇಳು ವರ್ಷದ ಹುಡುಗಿ ಬಾಯಾಗ ಹಾಲುಹಲ್ಲು ಇಟ್ಟುಕೊಂಡ್ರ ದೊಡ್ಡವು ಎಲ್ಲಿಂದ ಬರಬೇಕು? ಜಾಗ ಬಿಟ್ರ ತಾನ ಬರೋದು? ಆ ಸೆಟ್ಟಿನವನೂ ಅದನ್ನ ಅಂದ."

ಕಿತ್ತರೆ ಬರುತ್ತದೆ ಎಂದು ಚನ್ನವೀರಮ್ಮ ಅಂದು ಹೇಳಿದ್ದೂ, ನಾನು ನಂಬಿದ್ದೂ ಇದೇ ಮಾತು. ನಾನು ದಾರ ತೆಗೆದುಕೊಂಡೆ. ಅವನಿಗೆ ಸಮಾಧಾನವಾಯಿತು. ದಾರವನ್ನು ಹಾಗೇ ನನ್ನ ಸೆರಗಿಗೆ ಗಂಟು ಹಾಕಿಕೊಂಡೆ.

"ಇದನ್ನ ನಾನು ಇಟ್ಟುಕೊಂತೀನಿ ಅಮೀರಸಾಬ. ಕೀಳಂಗಿಲ್ಲ. ಒಂದು ಸಲ ಮೂರು ಬಾರಿ ಎಳದೀನಿ, ಸಾಕಾಗೈತಿ ನನಗ."

"ಹಂಗಾರ ನಾನ ಕೀಳತೀನಿ!"

ಶಮಾ ಮೊರವನ್ನು ಕೆಳಗಿಟ್ಟಳು. ಅಪ್ಪನ ಮುಂದೆ ಬಂದು ಬಾಯಿ ತೆರೆದು ನಿಂತಳು. "ಕೀಳು ಅಬ್ಬಾ. ಆದ್ರ ಮೊದಲು ಒಂದು ನೋಡು. ನೋಡಿದ ಮ್ಯಾಲೂ ಕೀಳಬೇಕು ಅನ್ನಿಸಿದ್ರ ಕೀಳು, ನಾನು ಬಾಯಿ ಮುಚ್ಚಂಗಿಲ್ಲ."

ಓಡಿಹೋಗಿ ತನ್ನ ಗಾದಿಯ ಕೆಳಗಿನಿಂದ ಫಿಲ್ಮು ತಂದಳು. ಹೊಸದಾಗಿ ತೆಗೆದದ್ದು. ಹತ್ತು ಗಂಟೆಯ ಬಿಸಿಲಿಗೆ ಅಡ್ಡ ಹಿಡಿದಳು. ಅಮೀರಸಾಬ ಎಂಟು ವರ್ಷದಲ್ಲಿ ಒಮ್ಮೆಯೂ ಅದನ್ನು ನೋಡಿರಲಿಲ್ಲ. ಮಗಳ ಎಲುಬಿನ ಚಿತ್ರ ನೋಡುವುದು ಅವನಿಂದ ಆಗುತ್ತಿರಲಿಲ್ಲ.

"ಇದು ದೊಡ್ಡ ಹಲ್ಲು. ಬೇರು ಎಷ್ಟು ಉದ್ದ ಐತಿ ನೋಡು. ಇದು ಹಾಲುಹಲ್ಲು. ಇದರ ಕೆಳಗ ಬೆರಳಿಡು. ಏನಾರ ಕಾಣಾಕತ್ತೈತೇನು?"

"ಇಲ್ಲ."

"ಇದರ ಕೆಳಗ?"

"ಇಲ್ಲ."

ಒಂಬತ್ತಕ್ಕೂ ಕೇಳಿದಳು. ಒಂಬತ್ತು ಸಲವೂ ಇಲ್ಲ ಎಂದ. ಕೊನೆಗೆ ಕೆಳಗಿನ ಮುಂದಿನ ಖಾಲಿ ಜಾಗಕ್ಕೆ ಬೆರಳಿಡಿಸಿದಳು. ಬೇರೆ ಕಡೆ ದಪ್ಪಗೆ ಬೆಳ್ಳಗೆ ಕಾಣುವ ಎಲುಬು ಅಲ್ಲಿ ತಗ್ಗಾಗಿತ್ತು.

"ಎರಡು ಕಿತ್ತದ್ದಕ್ಕ ಇಷ್ಟು ತಗ್ಗು ಬಿದ್ದೈತಿ. ಒಂಬತ್ತು ಕಿತ್ರ?"

ಅಮೀರಸಾಬ ಫಿಲ್ಮನ್ನು ತಾನೇ ತೆಗೆದುಕೊಂಡು, ಹಿಂದೆ ಮುಂದೆ ಮಾಡಿ ಬಹಳ ಹೊತ್ತು ನೋಡಿದ. ಗಾದಿಯನ್ನು ಕೈಯಿಂದ ಒತ್ತಿ ನೋಡುವವನ ಹಾಗೆ ಆ ತಗ್ಗಿನ ಮೇಲೆ ಹೆಬ್ಬೆಟ್ಟು ಆಡಿಸಿದ. "ಹತ್ತಿ ಸರಿದು ಹೋದ ಗಾದಿ ಹಿಂಗ ಕುಸೀತೈತಿ" ಎಂದ. "ಅದರ ಮ್ಯಾಲ ಎಂಥಾ ಛಲೋ ಹೊದಿಕಿ ಹಾಕಿದ್ರೂ ನಿಂದ್ರಂಗಿಲ್ಲ." ಆಮೇಲೆ, "ನನಗ ಯಾರೂ ಹಿಂಗ ತೋರಿಸಿರಲಿಲ್ಲ" ಎಂದ.

"ನೀನು ನೋಡಾಕ ಒಲ್ಲೆ ಅಂತಿದ್ದಿ" ಎಂದಳು ಶಮಾ. "ಈಗ ನಡಿ."

"ಎಲ್ಲಿಗೆ?"

"ಸಿರುಗುಪ್ಪಕ್ಕ. ಗಾದಿ ತರಾಕ."

ರಹೀಮಾಬೀ ಹೋಗಲಿ ಬಿಡು ಎಂದಳು. ನಾನೂ ಹಾಗೇ ಹೇಳಿದೆ. ಶಮಾ ಕೇಳಲಿಲ್ಲ. ಗಾದಿ ಅಲ್ಲಿದ್ದಷ್ಟು ದಿನ ಮಾತು ಕೊಟ್ಟ ಹಾಗೆಯೇ ಇರುತ್ತದೆ, ನಾಳೆ ಅಬ್ಬಾನ ಮನಸ್ಸು ಮತ್ತೆ ಅತ್ತ ವಾಲುತ್ತದೆ ಎಂಬುದು ಅವಳ ಲೆಕ್ಕ. ಅಪ್ಪ, ಮಗಳು, ನಾನು ಮೂವರೂ ತೆಕ್ಕಲಕೋಟೆ ಮೇಲೆ ಹಾದು ಮಧ್ಯಾಹ್ನಕ್ಕೆ ಸಿರುಗುಪ್ಪ ಮುಟ್ಟಿದೆವು. ಭತ್ತದ ಹೊಟ್ಟಿನ ಧೂಳು ಅಂಗಡಿಯ ಗಾಜಿಗೆ ಮೆತ್ತಿಕೊಂಡಿತ್ತು. ಆ ಗಾಜಿನ ಹಿಂದೆ ಸಾಲಾಗಿ ಹಲ್ಲಿನ ಸೆಟ್ಟುಗಳು, ಎಲ್ಲವೂ ಒಂದೇ ಅಳತೆಯವು. ಆ ಸೆಟ್ಟಿನವನು ಅಮೀರಸಾಬನ ಗಾದಿಯ ಮೇಲೆಯೇ ಕುಳಿತಿದ್ದ.

"ಎಲ್ಲಾ ಕಿತ್ತುಕೊಂಡು ಬಂದ್ರೇನಮ್ಮಾ?" ಎಂದ.

"ಇಲ್ಲರಿ. ಗಾದಿ ಕಿತ್ತುಕೊಂಡು ಹೋಗಾಕ ಬಂದೀವಿ" ಎಂದಳು ಶಮಾ.

ಅವನು ನಕ್ಕ. ಅವಳು ನಗದೆ ನಿಂತದ್ದನ್ನು ನೋಡಿ ನಿಲ್ಲಿಸಿದ. "ಎಲ್ಲಿ, ಬಾಯಿ ತಗಿ" ಎಂದು ನೋಡಿ, "ಅಯ್ಯೋ, ಇವೇನು ಹಲ್ಲಮ್ಮಾ? ಅಕ್ಕಿ ಕಾಳು. ಇವತ್ತಲ್ಲ ನಾಳೆ ಉದುರತಾವು. ಆವಾಗ ನನ್ನ ಹತ್ರಾನ ಬರಬೇಕು" ಎಂದ.

"ನಾಳೆ ಉದುರಿದ್ರ ನಾಳೆ ನೋಡ್ತೀನಿ. ಇವತ್ತು ಒಂಬತ್ತೂ ಗಟ್ಟಿ ಅದಾವು. ಏಳ್ರಿ ಮ್ಯಾಲ."

ಅವನು ಅಮೀರಸಾಬನ ಕಡೆ ತಿರುಗಿದ. "ಏನು ಸಾಬ್ರೇ, ಮಗಳ ಕೈಯಾಗ ಮಾತಾಡಸ್ತೀರಿ? ಮಾತಂದ್ರ ಮಾತಲ್ಲೇನು?"

ಅಮೀರಸಾಬ ಇನ್ನೊಬ್ಬರ ಮುಂದೆ ಎದುರು ಮಾತಾಡಿ ಗೊತ್ತಿಲ್ಲದವನು. "ನೀವು ಹಲ್ಲು ಕೊಟ್ಟಿಲ್ಲ. ನಾನು ಗಾದಿ ಕೊಟ್ಟಂಗ ಆಗಿಲ್ಲ" ಎಂದ. ಬಾಗಿ, ಗಾದಿಯ ಒಂದು ಮೂಲೆ ಹಿಡಿದ. ಶಮಾ ಇನ್ನೊಂದು ಮೂಲೆ ಹಿಡಿದಳು. ಅವನು ಏಳಲೇಬೇಕಾಯಿತು.

ವಾಪಸು ಬರುವಾಗ ಕಂಡಕ್ಟರ್ ಬಾಗಿಲಲ್ಲೇ ತಡೆದ. "ಯವ್ವಾ, ಎರಡು ಗಾದಿ ಮಲಗಿಸಿದ್ರ ಜನ ಎಲ್ಲಿ ಕೂರಬೇಕು?"

"ಮಲಗಿಸಂಗಿಲ್ಲಣ್ಣಾ, ನಿಂದ್ರಿಸ್ತೀವಿ. ನಿಂತವ್ರಿಗೆ ಸೀಟು ಬೇಕೇನು?" ಎಂದಳು ಶಮಾ. ಬಸ್ಸೆಲ್ಲ ನಕ್ಕಿತು. ಗಾದಿಗಳನ್ನು ಸುತ್ತಿ ಹಿಂದೆ ನಿಲ್ಲಿಸಿ, ಅಪ್ಪ ಮಗಳು ಆಚೆ ಈಚೆ ಹಿಡಿದುಕೊಂಡು ನಿಂತೇ ಬಂದರು.

ಅದಾದ ಮೇಲೂ ಎರಡು ವರ್ಷ ಕಾಯಬೇಕಿತ್ತು. ಹದಿನೆಂಟರಲ್ಲಿ ಮೇಲಿನ ಎಡಗಡೆಯ ಹಾಲುಹಲ್ಲೊಂದು ನೋಯತೊಡಗಿತು. ಬೆಳಿಗ್ಗೆ ಎಣಿಸುವಾಗಲೇ ಅವಳಿಗೆ ಗೊತ್ತಾಯಿತು. ಅಂದು ಕೆಲಸಕ್ಕೆ ಹೋಗದೆ ನೇರ ಆಸ್ಪತ್ರೆಗೆ ಹೋದಳು. ಎದುರಿನ ಹಲ್ಲು ಅದರ ಮೇಲೆ ಜೋರಾಗಿ ಬಡಿಯುತ್ತಿತ್ತಂತೆ. ಡಾಕ್ಟರು ಆ ತುದಿಯನ್ನು ಕೂದಲೆಳೆಯಷ್ಟು ಉಜ್ಜಿ ತೆಗೆದರು. ಹದಿನೈದು ದಿನ ಆ ಕಡೆ ಏನನ್ನೂ ಅಗಿಯಬೇಡ ಎಂದರು. ಅವಳು ಒಂದು ತಿಂಗಳು ಅಗಿಯಲಿಲ್ಲ. ಹಲ್ಲು ಗಟ್ಟಿಯಾಯಿತು.

ಕಳೆದ ಮಾಘದಲ್ಲಿ, ದವಡೆ ಬೆಳೆಯುವುದು ನಿಂತಿತು ಎಂದು ಡಾಕ್ಟರು ಹೇಳಿದರು. ಈ ಸಲ ನಾಲ್ವರೂ ಹೋಗಿದ್ದೆವು, ಅಮೀರಸಾಬನೂ ಬಂದಿದ್ದ. ಕೆಳಗಿನ ಎರಡು ಜಾಗದಲ್ಲಿ ಎಲುಬಿನೊಳಗೇ ಮೊಳೆ ಕೂರಿಸಿ ಹಲ್ಲು ನಿಲ್ಲಿಸುವುದು ಅವರ ಯೋಚನೆಯಾಗಿತ್ತು. ಆದರೆ ಅಲ್ಲಿ ಎಲುಬು ಬಹಳ ತೆಳುವಾಗಿತ್ತು. ಯಾಕೆ ಎಂದು ನಾನು ಕೇಳಲಿಲ್ಲ. ಪಕ್ಕದ ಎರಡು ದೊಡ್ಡ ಹಲ್ಲುಗಳು ಗಟ್ಟಿಯಾಗಿದ್ದವು. ಅವುಗಳ ಬೆನ್ನಿಗೆ ಅಂಟಿಸಿ ಎರಡು ಹೊಸ ಹಲ್ಲು ಕೂರಿಸಿದರು. ಮೇಲಿನ ಚೂಪು ಹಲ್ಲುಗಳಿಗೆ ಬಿಳಿ ಲೇಪ ಹಚ್ಚಿ, ಬೆಳಕು ಹಿಡಿದು ಗಟ್ಟಿ ಮಾಡಿ, ಎಲ್ಲರ ಹಲ್ಲಿನಂತೆ ಅಗಲ ಮಾಡಿದರು. ನಾಲ್ಕು ಸಲ ಹೋಗಿಬರಬೇಕಾಯಿತು. ಹಾಲುಹಲ್ಲುಗಳನ್ನು ಮುಟ್ಟಲಿಲ್ಲ. ಮುಂದೆ ಯಾವುದಾದರೂ ಬಿದ್ದರೆ ಅಲ್ಲಿ ಕೂರಿಸಲು ಎಲುಬು ಇದೆ ಎಂದರು.

ಕೊನೆಯ ದಿನ ಡಾಕ್ಟರು ಕನ್ನಡಿ ಕೊಟ್ಟರು. ಶಮಾ ಕನ್ನಡಿ ನೋಡಲಿಲ್ಲ. ಕಣ್ಣು ಮುಚ್ಚಿ ಮೊದಲು ನಾಲಿಗೆಯಿಂದ ಎಣಿಸಿದಳು. ಒಂಬತ್ತು ಸಿಕ್ಕ ಮೇಲೆ ಕನ್ನಡಿ ಹಿಡಿದಳು.

ಸಿರುಗುಪ್ಪದಿಂದ ತಂದ ಗಾದಿಗಳಲ್ಲಿ ಒಂದನ್ನು ಅಮೀರಸಾಬ ನನಗೆ ಕೊಟ್ಟ. ಅದರ ಮೇಲೆಯೇ ಮಲಗುತ್ತೇನೆ. ಅವನು ತಂದಿದ್ದ ದಾರದ ಉಂಡೆ ಗೂಡಿನಲ್ಲಿ ಹಳೆಯದರ ಪಕ್ಕದಲ್ಲಿದೆ. ಓಣಿಯವರು ಈಗ ಮತ್ತೆ ಮಕ್ಕಳನ್ನು ಕರೆತರುತ್ತಾರೆ, ಚನ್ನವೀರಮ್ಮನೂ ತನ್ನ ಮರಿಮಗಳನ್ನು ಕರೆತಂದಿದ್ದಳು. ನಾನು ಬೆರಳಿನಿಂದ ಅಲ್ಲಾಡಿಸಿ ನೋಡುತ್ತೇನೆ. ತಾನಾಗಿಯೇ ಬೀಳುವ ಹಾಗಿದ್ದರೆ ಬೀಳಲಿ ಎನ್ನುತ್ತೇನೆ. ಬಿದ್ದು ವರ್ಷವಾದರೂ ಬರದಿದ್ದರೆ, ಇಲ್ಲವೇ ಬಂದದ್ದು ಚೂಪಾಗಿದ್ದರೆ, ಶಮಾಳ ಜೊತೆ ಬಳ್ಳಾರಿ ಬಸ್ಸಿಗೆ ಕಳಿಸುತ್ತೇನೆ.

"ಮಾಳಗಿಗೆ ಕೊಡಂಗಿಲ್ಲೇನು?" ಎಂದು ಚನ್ನವೀರಮ್ಮ ಕೇಳಿದಳು.

"ಬಿದ್ದದ್ದನ್ನ ಕೊಡು. ಕಿತ್ತದ್ದನ್ನ ಕೊಡಬ್ಯಾಡ" ಎಂದೆ.

ಆ ಕೊನೆಯ ದಿನ ಆಸ್ಪತ್ರೆಯಿಂದ ನೇರ ಬಸ್‌ಸ್ಟ್ಯಾಂಡ್ ಎದುರಿನ ಅಂಗಡಿಗೆ ಬಂದೆವು. ಹೊಸ ಹಲ್ಲಿನಿಂದ ಗಟ್ಟಿಯಾದದ್ದು ಕಚ್ಚಬಾರದು, ಮೆತ್ತಗಿನದು ಪರವಾಗಿಲ್ಲ ಎಂದು ಶಮಾ ಡಾಕ್ಟರನ್ನು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡಿದ್ದಳು. ವಗ್ಗರಣಿ ಬಂತು. ಅವಳು ಮಿರ್ಚಿಯನ್ನು ಆರುವವರೆಗೆ ಬಿಟ್ಟು, ಮಗ್ಗುಲಿಗೆ ತಿರುಗಿಸದೆ, ಮುಂದಿನಿಂದ ಕಚ್ಚಿದಳು. ಕಚ್ಚಿ ಉಳಿದ ತುಂಡನ್ನು ನನ್ನ ಕಣ್ಣಿನ ಹತ್ತಿರ ಹಿಡಿದಳು.

"ಎಣಿಸಜ್ಜಿ."

ಕನ್ನಡಕ ಏರಿಸಿಕೊಂಡು ನೋಡಿದೆ. ಮೇಲೆ ಎರಡು ಅಗಲ ಗುರುತು. ಕೆಳಗೆ, ಒಂದರ ಪಕ್ಕ ಒಂದು, ಸಣ್ಣವು ಎರಡು.